ಅಧಿಕ ಮಾಸ ನುಂಗಿದ ಟಿಫಿನ್ ರೂಮ್

ಈ ಸಲ ಅಧಿಕ ಮಾಸ ಬಂದಾಗ ನನ್ನ ಹೆಂಡತಿ ಅತಿರಸ ಕರಿಯಲು ಕೂತಳು. ಬೆಲ್ಲದ ಪಾಕದಲ್ಲಿ ಕಲಸಿದ ಹಿಟ್ಟು ಕಾದ ತುಪ್ಪಕ್ಕೆ ಇಳಿದಾಗ ಒಂದು ವಾಸನೆ ಏಳುತ್ತದಲ್ಲ, ಅದಕ್ಕೆ ಬೇರೆಯವರಿಗೆ ದೇವರು ನೆನಪಾಗುತ್ತಾನೆ, ತವರುಮನೆ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂದು ವೆಬ್‌ಸೈಟಿನ ಹೆಸರು. ಬಾಯಿ ತೆರೆಯುವ ಮೊದಲೇ ಅವಳು ಸೌಟು ಎತ್ತಿ, "ಶುರುವಾಯ್ತಾ ನಿಮ್ಮ ಟಿಫಿನ್ ರೂಮ್ ಪುರಾಣ? ಹೋಗಿ ಬೇರೆ ಯಾರಿಗಾದ್ರೂ ಹೇಳಿ" ಎಂದಳು. ಅವಳಿಗೆ ಕೇಳಿ ಕೇಳಿ ಸಾಕಾಗಿದೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ತಾಂಬರಂ ದಾಟಿ ಇನ್ನೂ ಆಚೆ ನಮ್ಮ ಇಂಜಿನಿಯರಿಂಗ್ ಕಾಲೇಜು. ಮನೆ ಪೆರಂಬೂರಿನಲ್ಲಿ, ಅಪ್ಪ ರೈಲ್ವೆ ವರ್ಕ್‌ಶಾಪಿನ ಆಫೀಸಿನಲ್ಲಿ ಗುಮಾಸ್ತರು. ಪೆರಂಬೂರಿನಿಂದ ಸೆಂಟ್ರಲ್, ಅಲ್ಲಿ ರಸ್ತೆ ದಾಟಿ ಪಾರ್ಕ್ ಸ್ಟೇಷನ್, ಪಾರ್ಕಿನಿಂದ ಎಲೆಕ್ಟ್ರಿಕ್ ಟ್ರೈನು. ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ಟಿನಲ್ಲಿ ಹಳೆ ಪಠ್ಯಪುಸ್ತಕ ಕೊಂಡು ಜೂನಿಯರುಗಳಿಗೆ ಮಾರುತ್ತಿದ್ದೆ. ನನ್ನ ಓದಿನ ಖರ್ಚು ಬಹುಪಾಲು ಹಾಗೆಯೇ ಹುಟ್ಟಿದ್ದು. ಚೌಕಾಸಿ ಕಲಿತದ್ದೂ ಅಲ್ಲೇ. ಬೆಲೆ ಕೇಳಿದ ಕೂಡಲೇ ಮುಖ ಸಿಂಡರಿಸಬೇಡಿ, ನಕ್ಕುಬಿಡಿ. ನೀವು ನಕ್ಕರೆ ಅಂಗಡಿಯವನೂ ನಗುತ್ತಾನೆ. ನಗುವವನ ಹತ್ತಿರ ಇಳಿಸುವುದು ಸುಲಭ. ಈ ಒಂದು ಬುದ್ಧಿವಾದ ನನಗೆ ಕಾಲೇಜಿನ ಡಿಗ್ರಿಗಿಂತ ಹೆಚ್ಚು ಅನ್ನ ಹಾಕಿದೆ.

ಆಗ ಕಂಪ್ಯೂಟರ್ ಲ್ಯಾಬ್ ಎಂದರೆ ಗರ್ಭಗುಡಿ. ಚಪ್ಪಲಿ ಹೊರಗೆ, ತಿಂಡಿ ಹೊರಗೆ. ತಿನ್ನುವುದಕ್ಕೆ ಅಂತ ಪಕ್ಕದಲ್ಲಿ ಒಂದು ಹಳೆಯ ಕೋಣೆ. ನಮ್ಮ ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ಬು ನಿಜವಾಗಿ ಬೆಳೆದದ್ದು ಲ್ಯಾಬಿನಲ್ಲಲ್ಲ, ಆ ಕೋಣೆಯಲ್ಲಿ, ಮೊಸರನ್ನದ ಡಬ್ಬಿಗಳ ನಡುವೆ. ಕ್ಲಬ್ಬಿನ ಅಧ್ಯಕ್ಷೆ ಕಯಲ್. ಮಣಲಿಯ ಹುಡುಗಿ, ಅಪ್ಪ ಎಣ್ಣೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾವು ತಲೆ ಕೆರೆದುಕೊಳ್ಳುವ ಪ್ರೋಗ್ರಾಮನ್ನು ಅವಳು ಇಡ್ಲಿ ಮುರಿಯುತ್ತ ಮುಗಿಸುತ್ತಿದ್ದಳು. ಅವಳು, ನಾನು ಇಬ್ಬರೂ ಮೂರನೆಯ ವರ್ಷ. ನನ್ನನ್ನು ಕಾರ್ಯದರ್ಶಿ ಮಾಡಿದ ಕಾರಣ ಒಂದೇ: "ಇವನಿಗೆ ಕೋಡ್ ಬರಲ್ಲ, ಮಾತು ಬರುತ್ತೆ." ಮೂರನೆಯವನು ಪ್ರಸನ್ನ, ಮೈಸೂರಿನಿಂದ ಬಂದು ಹಾಸ್ಟೆಲ್ ಸೇರಿದ ಮೊದಲ ವರ್ಷದವನು. ತಾತನ ಕಾಲದಿಂದ ಮದರಾಸಿನಲ್ಲೇ ಇರುವ ಮಾಧ್ವರು ನಾವು. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಅದನ್ನು ಕೇಳಿ ಅವನಿಗೆ ನಗುವೋ ನಗು. "ಅಣ್ಣ, ನೀವು ಮಾತಾಡೋದು ಕನ್ನಡ ಅಂತ ಮೈಸೂರಲ್ಲಿ ಹೇಳಬೇಡಿ, ಗಲಾಟೆ ಆಗುತ್ತೆ" ಎನ್ನುತ್ತಲೇ ಭಾನುವಾರ ಅಮ್ಮನ ಸಾರಿಗೆ ಹಾಜರಾಗುತ್ತಿದ್ದ.

ಕ್ಲಬ್ಬಿಗೆ ಇಂಟರ್‌ನೆಟ್ಟಿನಲ್ಲಿ ಒಂದು ಸ್ವಂತ ಹೆಸರು ಬೇಕು ಎಂಬ ಹಟ ಹುಟ್ಟಿದ್ದು ಆ ವರ್ಷ. ನಮ್ಮ ವಿಭಾಗದ ಮುಖ್ಯಸ್ಥರು ವರದರಾಜನ್ ಸರ್. ಹಣೆಯಲ್ಲಿ ಶ್ರೀಚೂರ್ಣದ ಕೆಂಪು ಗೆರೆ, ಮಾತು ಅದಕ್ಕಿಂತ ನೇರ. ಅವರ ಪ್ರಕಾರ ಕಾಲೇಜಿನ ವಿಳಾಸದ ಕೆಳಗೇ ನಮಗೊಂದು ಪುಟ ಸಾಕು. ಆದರೆ ಆ ಪುಟದಲ್ಲಿ ಒಂದು ಸಾಲು ಬದಲಿಸಲು ಮೇಲಿನವರೆಲ್ಲರ ಸಹಿ ಬೇಕಿತ್ತು. ಸ್ಪರ್ಧೆ ಮುಗಿದು ಬಹುಮಾನ ಹಂಚಿದ ಮೇಲೆ ಸ್ಪರ್ಧೆಯ ಪ್ರಕಟಣೆ ಮೇಲೇರುತ್ತಿತ್ತು. ನನಗೆ ಇನ್ನೊಂದು ಕಾರಣವೂ ಇತ್ತು. ಹುಟ್ಟಿದಾಗಿನಿಂದ ಬಾಡಿಗೆ ಮನೆಗಳಲ್ಲೇ ಬೆಳೆದವನು. ನಮಗೆ ಬರುವ ಪ್ರತಿ ಕಾಗದದ ಮೇಲೂ ಮನೆ ಮಾಲೀಕರ ಹೆಸರು, ಅದರ ಮುಂದೆ 'ಕೇರಾಫ್'. ಕೇರಾಫ್ ಇಲ್ಲದ ಒಂದು ವಿಳಾಸ, ಅದು ಗಾಳಿಯಲ್ಲಿ ಇದ್ದರೂ ಸರಿ, ಬೇಕು ಅನ್ನಿಸಿತ್ತು.

ಕಯಲ್‌ಳನ್ನು ಕರೆದುಕೊಂಡು ಸರ್ ಕೋಣೆಗೆ ಹೋದೆ. ಮಾತೆಲ್ಲ ತಮಿಳಿನಲ್ಲಿ, ಕನ್ನಡದಲ್ಲಿ ಹೇಳುತ್ತೇನೆ.

"ಒಂದು ವರ್ಷ ಕೊಡಿ ಸರ್. ನಾವೇ ನಡೆಸಿ ತೋರಿಸ್ತೀವಿ."

"ಹುಡುಗರು ನಡೆಸೋದು ಪರೀಕ್ಷೆ ಬರೋ ತನಕ. ಆಮೇಲೆ ಯಾರು ನೋಡ್ತಾರೆ?"

"ಅದನ್ನೇ ಪರೀಕ್ಷೆ ಮಾಡಿ ಸರ್."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಸರಿ. ಈ ವಿಜಯದಶಮಿಯಿಂದ ಮುಂದಿನ ವಿಜಯದಶಮಿ. ನಡುವೆ ಒಂದು ದಿವಸ ನಿಂತರೂ ಬಾಯಿ ಮುಚ್ಚಿಕೊಂಡು ಕಾಲೇಜಿನ ಕೆಳಗೆ ಬರಬೇಕು."

"ನಿಲ್ಲದೆ ಹೋದ್ರೆ?" ಎಂದಳು ಕಯಲ್.

"ನಿಮ್ಮದು. ಡಿಪಾರ್ಟ್‌ಮೆಂಟು ಮತ್ತೆ ಕೇಳೋದಿಲ್ಲ."

ಇನ್ನು ಹೆಸರು. ಕಯಲ್ ಕ್ಲಬ್ಬಿನ ಪೂರ್ತಿ ಹೆಸರಿನ ಮೊದಲಕ್ಷರಗಳನ್ನೆಲ್ಲ ಪೋಣಿಸಿ ಒಂದು ಸರ ಮಾಡಿಕೊಂಡು ಬಂದಳು. ಉಚ್ಚರಿಸಿದರೆ ಕೆಮ್ಮಿದಂತೆ ಕೇಳುತ್ತಿತ್ತು. ಒಬ್ಬನಿಗೆ ಮೊಟ್ಟೈಮಾಡಿ ಬೇಕು. ಮದರಾಸಿನ ತಾರಸಿಗೆ ಆ ಹೆಸರು. ಪ್ರಸನ್ನನಿಗೆ ಚಾಮುಂಡಿ ಬೇಕು. "ನಿಮ್ಮೂರ ಬೆಟ್ಟ ನಿಮ್ಮೂರಲ್ಲೇ ಇರಲಿ ಡಾ" ಎಂದು ಕಯಲ್ ಅವನ ತಲೆಗೆ ಮೊಟಕಿದಳು. ಜಗಳ ಮುಗಿಯುವ ಲಕ್ಷಣ ಕಾಣದೆ ನಾನೊಂದು ಉಪಾಯ ಹೂಡಿದೆ. ಅಂಗಡಿಗೆ ಹೆಸರಿಡುವವರೆಲ್ಲ ಇದನ್ನು ಕೇಳಿಸಿಕೊಳ್ಳಿ: ಹೆಸರು ನಿಮಗೆ ಇಷ್ಟವಾಗುವುದು ಮುಖ್ಯವಲ್ಲ, ಗೊತ್ತಿಲ್ಲದವನೊಬ್ಬ ಒಮ್ಮೆ ಕೇಳಿ ತಪ್ಪಿಲ್ಲದೆ ಬರೆಯಬೇಕು.

ಸ್ಟೇಷನ್ ಎದುರಿನ ಫೋನ್ ಬೂತಿಗೆ ಎಲ್ಲರೂ ನುಗ್ಗಿದೆವು. ಕಯಲ್‌ಳ ಅಪ್ಪನಿಗೆ, ನಮ್ಮಪ್ಪನ ಆಫೀಸಿಗೆ, ಯಾರ್ಯಾರದೋ ಮಾವಂದಿರಿಗೆ ಫೋನು. ಒಂದು ಸಲ ಹೇಳುವುದು, ಅವರು ಇಂಗ್ಲಿಷಿನಲ್ಲಿ ಬರೆದುಕೊಂಡು ಅಕ್ಷರ ಅಕ್ಷರ ಓದುವುದು. ಹಿಂದೆ ಎಲೆಕ್ಟ್ರಿಕ್ ಟ್ರೈನಿನ ಹಾರನ್ನು. ಮೊಟ್ಟೈಮಾಡಿಯನ್ನು ಎಷ್ಟು ಜನ ಬರೆದರೋ ಅಷ್ಟು ಬಗೆ ಆಯಿತು. ಕೆಮ್ಮಿನ ಸರವನ್ನು ಕಯಲ್‌ಳ ಅಪ್ಪನೇ ಬರೆಯಲಾರದೆ, "ಕಣ್ಣಾ, ಗಂಟಲು ಸರಿ ಇಲ್ವಾ?" ಎಂದು ಕೇಳಿದರು. ಆಗ ಹಸಿವಿನಿಂದ ಕಂಗಾಲಾಗಿದ್ದ ಪ್ರಸನ್ನ ಎದುರಿನ ಹೋಟೆಲಿನ ಬೋರ್ಡಿನ ಕಡೆ ಕೈ ತೋರಿಸಿದ. ಟಿಫಿನ್ ರೂಮ್! ಮದರಾಸಿನ ಬೀದಿ ಬೀದಿಯಲ್ಲೂ ಆ ಬೋರ್ಡಿದೆ. ಓದು ಬಾರದವನೂ ಅದರ ಅಕ್ಷರಗಳ ಆಕಾರ ಬಲ್ಲ. ನಾವು ಸೇರುತ್ತಿದ್ದದ್ದೂ ತಿಂಡಿ ತಿನ್ನುವ ಕೋಣೆಯಲ್ಲೇ. ಫೋನು ಹಚ್ಚಿದೆವು. ಕೇಳಿದವರೆಲ್ಲರೂ ಒಂದೇ ಏಟಿಗೆ ಸರಿಯಾಗಿ ಬರೆದರು. ವ್ಯಾಪಾರಕ್ಕಲ್ಲದ ಸಂಘ ಎಂದು ಕೊನೆಗೆ 'ಡಾಟ್ ಆರ್ಗ್' ಸೇರಿಸಿಕೊಂಡೆವು.

ವರದರಾಜನ್ ಸರ್ ಹೆಸರು ಕೇಳಿ, "ಇದು ಕಂಪ್ಯೂಟರ್ ಕ್ಲಬ್ಬಾ, ಸಾಂಬಾರ್ ಕ್ಲಬ್ಬಾ?" ಎಂದು ಫೈಲಿನೊಳಗೆ ಮುಖ ಹುದುಗಿಸಿದರು.

ಆಗ ಡೊಮೈನ್ ಹೆಸರು ಕೊಳ್ಳುವುದು ನಮ್ಮಂಥವರ ಕೈಗೆ ಎಟುಕುವ ವಿಷಯವಲ್ಲ. ಕ್ರೆಡಿಟ್ ಕಾರ್ಡನ್ನು ನಾವು ಜಾಹೀರಾತಿನಲ್ಲಿ ಮಾತ್ರ ಕಂಡಿದ್ದೆವು. ತಾಂಬರಂ ಸ್ಟೇಷನ್ನಿನ ಬಳಿ ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದ ಸೆಲ್ವಿ ಅಕ್ಕ ಅಮೆರಿಕದ ಒಂದು ಕಂಪನಿಯ ಪರವಾಗಿ ಹೆಸರು ಮಾರುತ್ತಿದ್ದಳು. ಜಡೆಗೆ ಯಾವಾಗಲೂ ಕನಕಾಂಬರ, ನಾಲಿಗೆಗೆ ಯಾವಾಗಲೂ ಹರಿತ. ಅವಳು ರೇಟು ಹೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

"ತಂಬಿ, ಈ ನಗು ಮೂರ್ ಮಾರ್ಕೆಟ್ಟಿನದು. ನಮ್ಮಪ್ಪನ ಅಂಗಡಿ ಅಲ್ಲೇ ಇತ್ತು."

ಗುರುವಿನ ಮಗಳ ಮುಂದೆ ಸಿಕ್ಕಿಬಿದ್ದಂತಾಯಿತು. ಆದರೂ ಬಿಡಲಿಲ್ಲ. ದುಡ್ಡು ಇಲ್ಲದವನ ಹತ್ತಿರ ಏನಿರುತ್ತದೆ ನೋಡಿ, ಅದನ್ನು ಮುಂದಿಡಬೇಕು. ನಮ್ಮ ಹತ್ತಿರ ಕಯಲ್ ಇದ್ದಳು. ಶನಿವಾರ ಶನಿವಾರ ಅಕ್ಕನ ಕಂಪ್ಯೂಟರುಗಳ ವೈರಸ್ ತೆಗೆಯುವುದು ನಮ್ಮ ಕೆಲಸ. ಹೆಸರಿನ ಖರ್ಚು, ಪುಟ ಇಡುವ ಜಾಗ ಅಕ್ಕನದು. ಆಯುಧಪೂಜೆಗೆ ಗಂಧ ಕುಂಕುಮ ಹಚ್ಚಿ ಮುಚ್ಚಿಟ್ಟಿದ್ದ ಕಂಪ್ಯೂಟರನ್ನು ವಿಜಯದಶಮಿಯ ಬೆಳಿಗ್ಗೆ ತೆರೆದು, ಅಂದಿನ ಮೊದಲ ಬೋಣಿಯಾಗಿ ಅಕ್ಕ ನಮ್ಮ ಹೆಸರು ನೋಂದಾಯಿಸಿದಳು. ಮಾಲೀಕರ ಜಾಗದಲ್ಲಿ ಕ್ಲಬ್ಬು, ಅದರ ಪರವಾಗಿ ನನ್ನ ಹೆಸರು. ಲೋಕದಲ್ಲಿ ಯಾರು ಹುಡುಕಿದರೂ ಕಾಣುತ್ತದೆ ಎಂದು ಅಕ್ಕ ಪರದೆಯ ಮೇಲೆ ತೋರಿಸಿದಾಗ ನಾನು ಅಪ್ಪನಿಗೆ ತೋರಿಸಲು ಅದನ್ನು ಮುದ್ರಿಸಿಕೊಂಡೆ. "ಮುಂದಿನ ವಿಜಯದಶಮಿಗೆ ಬಾ ತಂಬಿ, ರಿನ್ಯೂ ಮಾಡೋಣ" ಎಂದಳು ಅಕ್ಕ, ನಮ್ಮ ಕೈಗೆ ಪೊರಿ ಕಡಲೆ ಸುರಿದು.

ಎಂಥ ವರ್ಷ ಅದು! ಹಳೆ ಪ್ರಶ್ನೆಪತ್ರಿಕೆ ಹಾಕಿದೆವು, ಬೇರೆ ಕಾಲೇಜಿನವರೂ ಬಂದು ಇಳಿಸಿಕೊಂಡರು. ಕಯಲ್ ವಾರಕ್ಕೊಂದು ಒಗಟು ಹಾಕುವಳು. ಉತ್ತರ ಕಳಿಸಿದವರ ಹೆಸರು ಸೋಮವಾರ ಪುಟದ ಮೇಲೆ. ತಮ್ಮ ಹೆಸರು ನೋಡಲು ಹುಡುಗರು ಅಕ್ಕನ ಸೆಂಟರಿನಲ್ಲಿ ಸಾಲು ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಕರೆಂಟು ಹೋದಾಗಲೂ, ಪರೀಕ್ಷೆಯ ವಾರದಲ್ಲೂ ಸೈಟು ನಿಲ್ಲಲಿಲ್ಲ. ಟ್ರೈನಿನಲ್ಲಿ ಯಾರೋ ಅಪರಿಚಿತ ಹುಡುಗಿಯರು, "ಟಿಫಿನ್ ರೂಮ್ ಒಗಟು ಬಿಡಿಸಿದ್ಯಾ?" ಎಂದು ಮಾತಾಡಿಕೊಂಡದ್ದನ್ನು ಕೇಳಿ ಕಯಲ್ ಸೈದಾಪೇಟೆಯಿಂದ ತಾಂಬರಂವರೆಗೆ ಕಿಟಕಿಗೆ ಮುಖ ಮಾಡಿ ಒಬ್ಬಳೇ ನಗುತ್ತ ಬಂದಳು. ಮರುವರ್ಷ ನಾವಿಬ್ಬರೂ ಕೊನೆಯ ವರ್ಷಕ್ಕೆ ಬಂದೆವು, ಪ್ರಸನ್ನ ಎರಡನೆಯದಕ್ಕೆ. ಅಂತರ ಕಾಲೇಜು ಸ್ಪರ್ಧೆ ಘೋಷಿಸಿ ಊರೆಲ್ಲ ಪೋಸ್ಟರ್ ಅಂಟಿಸಿದೆವು. ಸೇರಲು ಹೆಸರು ಕೊಡಬೇಕಾದದ್ದು ನಮ್ಮ ವಿಳಾಸದಲ್ಲೇ.

ಅಕ್ಟೋಬರಿನಲ್ಲಿ, ಮಳೆ ಹಿಡಿಯುವ ಮುಂಚಿನ ಬೆವರು ಸುರಿಯುವ ದಿನಗಳಲ್ಲಿ, ಸೈಟು ತೆರೆಯುವುದು ನಿಂತಿತು. ಟೆಲಿಫೋನ್ ಲೈನ್ ಕೆಟ್ಟಿದೆ ಎಂದುಕೊಂಡೆವು. ಆ ಭಾನುವಾರ ಕಯಲ್ ಮತ್ತು ಪ್ರಸನ್ನ ನಮ್ಮ ಮನೆಯಲ್ಲಿದ್ದರು. ಅಮ್ಮ ಅಡುಗೆಮನೆಯಲ್ಲಿ ಅತಿರಸ ಕರಿಯುತ್ತಿದ್ದಳು. ಅಧಿಕ ಮಾಸದಲ್ಲಿ ಮೂವತ್ತಮೂರು ಅತಿರಸ ದಾನ ಕೊಡುವುದು ನಮ್ಮಲ್ಲಿ ಪದ್ಧತಿ.

"ಅಮ್ಮ, ಬೊಂಬೆ ಯಾವಾಗ ಕೂರಿಸ್ತೀರ?" ಎಂದ ಪ್ರಸನ್ನ, ಬಾಣಲೆಯ ಮೇಲೆ ಕಣ್ಣಿಟ್ಟು.

"ಗೊಲೂಗೆ ಇನ್ನೂ ದಿವಸ ಇದೆ ಕಣೋ. ಈ ಸಲ ಅಧಿಕ ಆಶ್ವೀಜ ಅಲ್ವಾ, ನವರಾತ್ರಿ ತಳ್ಳಿ ಹೋಗಿದೆ. ಹೋದ ವರ್ಷ ಈ ಹೊತ್ತಿಗೆ ವಿಜಯದಶಮಿ ಮುಗಿದೇ ಹೋಗಿತ್ತು. ಏಯ್, ಅದು ದಾನಕ್ಕೆ, ಕೈ ಹಾಕ್ಬೇಡ!"

ಮುಗಿದೇ ಹೋಗಿತ್ತು. ನಾನು, ಕಯಲ್ ಮುಖ ಮುಖ ನೋಡಿಕೊಂಡೆವು. ಹೆಸರಿಗೆ ಅಮೆರಿಕದವನು ಕೊಟ್ಟದ್ದು ಇಂಗ್ಲಿಷ್ ತಾರೀಖಿನ ಒಂದು ವರ್ಷ. ನಾವೋ, ಅಕ್ಕನೂ ಸೇರಿ, ವಿಜಯದಶಮಿಯನ್ನು ಕಾಯುತ್ತ ಕೂತಿದ್ದೆವು. ನಡುವೆ ಇಡೀ ಒಂದು ಅಧಿಕ ಮಾಸ ಬಂದು ಕೂತಿತ್ತು. ಲೈನು ಕೆಟ್ಟಿರಲಿಲ್ಲ, ಹೆಸರೇ ಹೋಗಿತ್ತು.

ಮೂವರೂ ತಾಂಬರಂಗೆ ಓಡಿದೆವು. ಸೆಲ್ವಿ ಅಕ್ಕ ಪರದೆ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ನಾನೂ ಹಬ್ಬಕ್ಕೆ ಅಂತಲೇ ಕೂತಿದ್ದೆ ತಂಬಿ. ಇನ್ನೂ ಯಾರಿಗೂ ಮಾರಿಲ್ಲ, ಕಂಪನಿಯವನು ಸ್ವಲ್ಪ ದಿವಸ ಹಿಡಿದಿಟ್ಟಿರ್ತಾನೆ. ಆದ್ರೆ ಒಪ್ಪಿಗೆ ಕೇಳಿ ಒಂದು ಮೇಲ್ ಬರುತ್ತೆ, ಅದಕ್ಕೆ ನೀವು ಉತ್ತರ ಕೊಡ್ಬೇಕು. ಎಲ್ಲಿಗೆ ಬರುತ್ತೆ?"

ಟಿಫಿನ್ ರೂಮಿನ ವಿಳಾಸಕ್ಕೇ. ಹೆಸರು ಸತ್ತಾಗ ಮೇಲ್ ಕೂಡ ಸತ್ತಿತ್ತು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡವರ ಹಾಗೆ ನಿಂತೆವು. ಇದನ್ನೂ ಬರೆದಿಟ್ಟುಕೊಳ್ಳಿ: ಯಾವುದರ ಕೀಲಿಯನ್ನೂ ಅದರೊಳಗೇ ಇಡಬೇಡಿ.

"ಇನ್ನೊಂದು ದಾರಿ ಇದೆ" ಎಂದಳು ಅಕ್ಕ. "ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಇವರು ನಮ್ಮ ಹುಡುಗರೇ ಅಂತ ನಿಮ್ಮ ಎಚ್.ಒ.ಡಿ. ಸಹಿ. ಫ್ಯಾಕ್ಸ್ ಮಾಡಿದ್ರೆ ಬಿಡ್ತಾನೆ."

ಎಚ್.ಒ.ಡಿ. ಎಂದರೆ ವರದರಾಜನ್ ಸರ್. ಒಂದು ದಿವಸ ನಿಂತರೂ ಕಿತ್ತುಕೊಳ್ಳುತ್ತೇನೆ ಎಂದವರ ಹತ್ತಿರವೇ ಹೋಗಿ, ನಿಂತಿದೆ ಸಹಿ ಹಾಕಿ ಎನ್ನಬೇಕು.

"ಅವರ ಸಹಿ ನಾನು ಹಾಕಬಲ್ಲೆ ಅಣ್ಣ. ಹಾಸ್ಟೆಲ್ ಲೀವ್ ಚೀಟೀಲಿ ಅಭ್ಯಾಸ ಆಗಿದೆ" ಎಂದ ಪ್ರಸನ್ನ.

"ಮುಚ್ಚೋ ಬಾಯಿ" ಎಂದೆ. ಚೌಕಾಸಿ ಮಾಡುವವನು ಏನು ಬೇಕಾದರೂ ಮಾಡಬಹುದು, ಸುಳ್ಳು ಮಾತ್ರ ಹೇಳಬಾರದು. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಆ ಅಂಗಡಿಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಊರೆಲ್ಲ ಅಂಟಿಸಿದ ಪೋಸ್ಟರು ಕಯಲ್‌ಳ ಕಣ್ಣ ಮುಂದೆ ಬಂದಿರಬೇಕು. "ಹೋದ್ರೆ ಹೋಗಲಿ ರಾಘು, ಕೇಳದೆ ಬಿಡಬೇಡ" ಎಂದಳು.

ಸೋಮವಾರ ಬೆಳಿಗ್ಗೆ ಸರ್ ಮುಂದೆ ನಿಂತೆವು.

"ನಿಂತಿತಾ?"

"ನಿಂತಿದೆ ಸರ್."

"ವಿಜಯದಶಮಿ ಇನ್ನೂ ಬಂದಿಲ್ಲವಲ್ಲ?"

"ಇಲ್ಲ ಸರ್."

"ಹಾಗಾದರೆ ಮಾತು ಮುಗೀತು." ಅವರು ಪೆನ್ನು ಎತ್ತಿಕೊಂಡರು.

ನಾನು ನಕ್ಕೆ. ಅಭ್ಯಾಸಬಲ. ಸರ್ ತಲೆ ಎತ್ತಿದರು.

"ಒಂದೇ ಪ್ರಶ್ನೆ ಸರ್. ಯಾವ ಪಂಚಾಂಗದಲ್ಲಿ ಸೋತೆವು ಅಂತ ಹೇಳಿಬಿಡಿ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷ ತುಂಬಿದ ಮೇಲೇ ನಿಂತದ್ದು. ನಮ್ಮ ಮನೆಯ ಪಂಚಾಂಗದಲ್ಲಿ ಇದು ಅಧಿಕ ಮಾಸ. ಮದುವೆ ಮುಂಜಿ ಗೃಹಪ್ರವೇಶ ಯಾವುದಕ್ಕೂ ಲೆಕ್ಕಕ್ಕಿಲ್ಲದ ತಿಂಗಳು."

"ನಮ್ಮ ತಮಿಳು ಪಂಚಾಂಗ ಸೂರ್ಯನ ಲೆಕ್ಕ, ಅದರಲ್ಲಿ ಅಧಿಕ ಮಾಸವೇ ಇಲ್ಲ ಕಣಯ್ಯಾ. ಪುರಟ್ಟಾಸಿ ತಿಂಗಳು ಆದರೆ ಐಪ್ಪಸಿ ತಿಂಗಳು."

"ಅದೇ ಸರ್ ನಾನೂ ಹೇಳೋದು! ಹೋದ ವರ್ಷ ವಿಜಯದಶಮಿ ಪುರಟ್ಟಾಸಿಯಲ್ಲಿ ಬಂತು. ಈ ಪುರಟ್ಟಾಸಿಯಲ್ಲಿ ಆ ದಿನ ದಾಟಿ ಆಯ್ತು. ನಿಮ್ಮ ಲೆಕ್ಕದಲ್ಲೂ ವರ್ಷ ತುಂಬಿದೆ."

ಕಯಲ್ ನನ್ನ ಕಾಲು ತುಳಿದಳು, ಸಾಕು ಎಂಬಂತೆ. ಸರ್ ಗೋಡೆಯ ಕ್ಯಾಲೆಂಡರಿನ ಬಳಿ ಎದ್ದು ಹೋಗಿ ಬೆರಳಿಟ್ಟು ನೋಡಿದರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆಂದು ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

"ನೀನು ಇಂಜಿನಿಯರಿಂಗ್ ಓದಬಾರದಾಗಿತ್ತು, ಹೈಕೋರ್ಟಿನಲ್ಲಿ ಇರಬೇಕಾಗಿತ್ತು. ಸರಿ, ಸಹಿ ಹಾಕ್ತೀನಿ. ಮಾಲೀಕರ ಜಾಗದಲ್ಲಿ ಯಾರ ಹೆಸರಿದೆ?"

"ನನ್ನದು ಸರ್."

"ತೆಗಿ."

ನನ್ನ ನಗು ಅಲ್ಲಿಗೆ ನಿಂತಿತು.

"ಏಪ್ರಿಲ್‌ಗೆ ನೀನು ಹೊರಗೆ. ಆಮೇಲೆ ಯಾರು ನೋಡ್ತಾರೆ ಅಂತ ಹೋದ ವರ್ಷವೇ ಕೇಳಿದ್ದೆ, ನೀನು ಉತ್ತರ ಕೊಡಲಿಲ್ಲ. ಕೊನೆಯ ವರ್ಷದವರ ಹೆಸರು ಯಾವತ್ತೂ ಅಲ್ಲಿ ಇರಕೂಡದು. ಹಾಗಿದ್ದರೆ ಅದು ನಿಮ್ಮ ಕ್ಲಬ್ಬಿನದು, ನನ್ನ ಮಾತು ನನ್ನ ಮಾತೇ."

ಚೌಕಾಸಿಗೆ ಜಾಗ ಹುಡುಕಿದೆ. ಏಪ್ರಿಲ್ ತನಕ ಇರಲಿ ಎನ್ನಲೇ? ಎರಡು ಹೆಸರು ಇರಲಿ ಎನ್ನಲೇ? ಅಪ್ಪ ಆ ಮುದ್ರಿಸಿದ ಹಾಳೆಯನ್ನು ಆಫೀಸಿನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಆದರೆ ಸರ್ ಹೇಳಿದ ಬೆಲೆ ನ್ಯಾಯವಾದದ್ದೇ ಆಗಿತ್ತು. ನ್ಯಾಯವಾದ ಬೆಲೆಗೆ ಚೌಕಾಸಿ ಮಾಡುವವನು ವ್ಯಾಪಾರಿಯಲ್ಲ, ಜಿಪುಣ. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಪ್ರಸನ್ನನನ್ನು ಒಳಗೆ ಕರೆದೆ. "ಇವನ ಹೆಸರು ಹಾಕಿ ಸರ್."

"ಅಣ್ಣಾ, ನಂಗೆ ಪಂಚಾಂಗ ನೋಡಕ್ಕೆ ಬರಲ್ಲ!" ಎಂದು ಅವನು ಹೌಹಾರಿದ.

"ಅದಕ್ಕೇ ನಿನ್ನನ್ನು ಆರಿಸಿದ್ದು" ಎಂದಳು ಕಯಲ್.

ಪತ್ರ ಫ್ಯಾಕ್ಸಿನಲ್ಲಿ ಹೋಯಿತು. ಮೇಲ್ ಬರುವ ವಿಳಾಸವನ್ನು ಹೊರಗಿನ ಪೆಟ್ಟಿಗೆಯೊಂದಕ್ಕೆ ಬದಲಿಸಿದೆವು. ಅದರ ಗುಟ್ಟಿನ ಪದ ಯಾವಾಗಲೂ ಇಬ್ಬರಿಗೆ ಗೊತ್ತಿರಬೇಕೆಂದು ನಿಯಮ ಮಾಡಿದೆವು. ಅಮೆರಿಕದವನು ಒಪ್ಪಿದ ಸುದ್ದಿ ಬಂದ ದಿನ ಪ್ರಸನ್ನನನ್ನು ಒಬ್ಬನನ್ನೇ ಅಕ್ಕನ ಹತ್ತಿರ ಕಳಿಸಿದೆ. ಮಾಲೀಕ ಅವನೇ ತಾನೆ. ಒಂದು ವರ್ಷದ ರಿನ್ಯೂಗೆ ಎಷ್ಟು ಶನಿವಾರಕ್ಕೆ ಒಪ್ಪಬೇಕು, ಎಲ್ಲಿಂದ ಶುರು ಮಾಡಬೇಕು, ಅಕ್ಕ ಮುಖ ತಿರುಗಿಸಿದರೆ ಏನೆನ್ನಬೇಕು, ಎಲ್ಲವನ್ನೂ ಪಾಠ ಮಾಡಿಸಿ ಕಳಿಸಿದ್ದೆ. ನಾನು, ಕಯಲ್ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕಾದೆವು. ಮೊದಲ ಮಳೆ ಹನಿಯುತ್ತಿತ್ತು.

ಅವನು ಪುಸ್ತಕವನ್ನು ತಲೆಗೆ ಹಿಡಿದು ಓಡಿ ಬಂದ. "ಬಂತು ಅಣ್ಣ! ಸೈಟು ತೆರೀತು! ಒಗಟೂ ಹಾಗೇ ಇದೆ! ಐದು ವರ್ಷಕ್ಕೆ ಮಾಡಿಸ್ಬಿಟ್ಟೆ!"

"ಐದಾ?" ನಾನು ಎದ್ದೇ ನಿಂತೆ. "ಮುಟ್ಠಾಳ, ಎಷ್ಟು ಶನಿವಾರ ಬರೆದುಕೊಟ್ಟೆಯೋ?"

"ಶನಿವಾರದ ಮಾತೇ ಬರಲಿಲ್ಲ."

"ಮತ್ತೆ ಏನು ಕೊಟ್ಟೆ?"

"ಏನೂ ಇಲ್ಲ ಅಣ್ಣ. ನೀವು ಹೇಳಿಕೊಟ್ಟಿದ್ದೆಲ್ಲ ಅಲ್ಲಿಗೆ ಹೋದ ಮೇಲೆ ಮರ್ತೋಯ್ತು. 'ಅಕ್ಕಾ, ಐದು ವರ್ಷಕ್ಕೆ ಮಾಡಿಕೊಡ್ತೀರಾ' ಅಂತ ಕೇಳಿದೆ. 'ಇದನ್ನ ಮೊದಲೇ ಕೇಳೋದಲ್ವಾ' ಅಂದ್ರು."

ಕಯಲ್ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಿ ಉರುಳಿ ನಕ್ಕಳು. ಟ್ರೈನು ಬಂತು, ನಿಂತಿತು, ಹೋಯಿತು. ನಾವು ಯಾರೂ ಹತ್ತಲಿಲ್ಲ.